ಕವಿತೆಗೆ ಮಟ್ಟು ಹಾಕಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕವಿತೆಗಳಿಗೆ ರಾಗ ಹಾಕುವುದು ನನಗೆ ಹತ್ತು ಹನ್ನೆರಡು ವರ್ಷದಿಂದ ಅಂಟಿಕೊಂಡ ಹುಚ್ಚು. ಶಾಲೆಯ ವಾರ್ಷಿಕೋತ್ಸವ, ಹವ್ಯಾಸಿ ನಾಟಕ, ಗೆಳೆಯರ ಒಂದೆರಡು ಕಿರುಚಿತ್ರ, ಇಷ್ಟೇ ನನ್ನ ಸಾಧನೆ. ಆದರೂ ಹೊಸದಾಗಿ ಶುರು ಮಾಡಿದವರು ಫೋನ್ ಮಾಡಿ ಇವೇ ಪ್ರಶ್ನೆ ಕೇಳುತ್ತಾರೆ, ನಾನೂ ಅವೇ ಉತ್ತರ ಕೊಡುತ್ತೇನೆ. ಒಂದು ಕಡೆ ಬರೆದಿಟ್ಟರೆ ಇಬ್ಬರ ಸಮಯವೂ ಉಳಿಯುತ್ತದೆ ಅಲ್ವಾ. ಇಲ್ಲಿರುವುದೆಲ್ಲ ಭಾವಗೀತೆ, ರಂಗಗೀತೆ, ಮಕ್ಕಳ ಹಾಡಿನ ಲೆಕ್ಕದಲ್ಲಿ ಹೇಳಿದ್ದು.

ಶಾಸ್ತ್ರೀಯ ಸಂಗೀತ ಕಲಿಯದೇ ಟ್ಯೂನ್ ಮಾಡಬಹುದಾ?

ಮಾಡಬಹುದು. ರಾಗಿ ಬೀಸುತ್ತಾ ಹಾಡು ಕಟ್ಟಿದ ಹೆಂಗಸರಿಗೆ 72 ಮೇಳಕರ್ತ ರಾಗಗಳ ಪಟ್ಟಿ ಬೇಕಾಗಿರಲಿಲ್ಲ. ಆದರೆ ಸ್ವಲ್ಪ ಕಲಿತರೆ ತಲೆಯಲ್ಲಿ ಸುಳಿದದ್ದನ್ನು ಹಿಡಿದಿಡಲು ಬರುತ್ತದೆ. ಇಲ್ಲದಿದ್ದರೆ ಸ್ನಾನದ ಮನೆಯಲ್ಲಿ ಬಂದ ಟ್ಯೂನ್ ಟವೆಲ್ ಹುಡುಕುವಷ್ಟರಲ್ಲಿ ಹೋಗಿರುತ್ತದೆ.

ಎಷ್ಟು ಕಲಿಯಬೇಕು ಅಂದರೆ, ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಆಮೇಲೆ ಏಳು ತಾಳಗಳ ಅಲಂಕಾರ. ಈ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ನಮ್ಮ ಪರಂಪರೆ ಹೇಳುತ್ತದೆ. ಬಹಳ ಜನ ಇದನ್ನು ಗಂಟಲು ಪಳಗಿಸುವ ಕಸರತ್ತು ಅಂದುಕೊಂಡು ಬೇಗ ಮುಗಿಸಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ಅಲಂಕಾರದಲ್ಲಿ ನಡೆಯುವುದೇನು ಗಮನಿಸಿ: ನಾಲ್ಕೈದು ಸ್ವರದ ಒಂದು ಸಣ್ಣ ತುಂಡು, ಅದನ್ನೇ ಒಂದು ಮೆಟ್ಟಿಲು ಮೇಲಿಂದ, ಇನ್ನೊಂದು ಮೆಟ್ಟಿಲು ಮೇಲಿಂದ ಹೇಳುತ್ತಾ ಹೋಗುವುದು. ಹಾಡಿನ ಎರಡನೇ ಸಾಲು ಕಟ್ಟುವಾಗ ನೀವು ಮಾಡುವುದೂ ಹೆಚ್ಚು ಕಡಿಮೆ ಇದೇ.

ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಬೇಕಾ ಅಂತಲೂ ಕೇಳುತ್ತಾರೆ. ಕಟ್ಟಿದರೆ ಒಳ್ಳೆಯದೇ, ಆದರೆ ಅವು ಹಾಡುವವರ, ನುಡಿಸುವವರ ಪರೀಕ್ಷೆ. ಮಟ್ಟು ಹಾಕುವುದನ್ನು ಅಲ್ಲಿ ಹೇಳಿಕೊಡುವುದಿಲ್ಲ.

ಕವಿತೆ ಎದುರಿಗಿದೆ. ಮೊದಲು ಯಾವ ರಾಗ ಹಿಡಿಯಲಿ?

ರಾಗ ಆಮೇಲೆ. ಮೊದಲು ಸಾಲಿನ ನಡೆ ಹುಡುಕಿ. ನನ್ನ ಹತ್ತಿರ ಬಂದ ಹೊಸಬರಲ್ಲಿ ಹೆಚ್ಚಿನವರು ಸಿಕ್ಕಿಹಾಕಿಕೊಂಡಿದ್ದೇ ಇಲ್ಲಿ. ಹಾರ್ಮೋನಿಯಂ ಮುಂದೆ ಕೂತು ಕಲ್ಯಾಣಿಯೋ ಹಿಂದೋಳವೋ ಅಂತ ಅರ್ಧ ಗಂಟೆ ಒದ್ದಾಡುತ್ತಾರೆ, ಕವಿತೆಯನ್ನು ಒಂದು ಸಲವೂ ಬಾಯಿಬಿಟ್ಟು ಓದಿರುವುದಿಲ್ಲ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಾರ್ಕ್ಸ್ ತೆಗೆದುಕೊಂಡು ಮರೆತ ಆ ಲೆಕ್ಕ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ನಾನೇ ಈಗ ಬರೆದ ಒಂದು ಸಾಲು ನೋಡಿ: "ಮಳೆಯು ನಿಂತಿದೆ, ಹನಿಯು ನಿಲ್ಲದು". ಮಳೆಯು ಮೂರು, ನಿಂತಿದೆ ನಾಲ್ಕು, ಹನಿಯು ಮೂರು, ನಿಲ್ಲದು ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಕೈಯಲ್ಲಿ ತಕಿಟ ತಕಧಿಮಿ ಅಂತ ತಟ್ಟುತ್ತಾ ಓದಿ, ಏಳರ ತಾಳವಾದ ಮಿಶ್ರ ಛಾಪು ತಾನಾಗಿ ಕೂರುತ್ತದೆ. ಕುಮಾರವ್ಯಾಸನ ಭಾರತ ಪೂರ್ತಿ ಇರುವ ಭಾಮಿನಿ ಷಟ್ಪದಿಯ ನಡೆಯೂ ಇದೇ ಮೂರು ನಾಲ್ಕು. ವಾರ್ಧಕ ಷಟ್ಪದಿ, ಲಲಿತ ರಗಳೆ ಐದೈದರಲ್ಲಿ ಹೋಗುತ್ತವೆ, ಖಂಡ ಛಾಪು ಹಾಕಿ ನೋಡಿ. ನಾಲ್ಕರ ನಡೆಗೆ ಆದಿತಾಳ. ಮೂರರ ನಡೆಗೆ ತಿಶ್ರ, ಹಿಂದೂಸ್ತಾನಿ ಕಡೆಯವರಾದರೆ ದಾದ್ರಾ. ಹೊಸಗನ್ನಡದ ಭಾವಗೀತೆಗಳಲ್ಲೂ ಬಹುಪಾಲು ಈ ಮೂರು, ನಾಲ್ಕು, ಐದು, ಏಳರೊಳಗೇ ಸಿಗುತ್ತವೆ.

ಹಾಗಂತ ಕವಿಯ ನಡೆಯನ್ನೇ ಹಿಡಿಯಬೇಕು ಅಂತ ಕಾನೂನೇನಿಲ್ಲ. ಮುರಿಯಿರಿ, ಆದರೆ ಏನು ಮುರಿಯುತ್ತಿದ್ದೇನೆ ಅಂತ ಗೊತ್ತಿರಲಿ. ಒಂದು ಸಲ ಮೂರು ನಾಲ್ಕರ ಕವಿತೆಯೊಂದನ್ನು ಆದಿತಾಳಕ್ಕೆ ಕೂರಿಸಲು ಪ್ರತಿ ಮೂರನ್ನೂ ನಾಲ್ಕಕ್ಕೆ ಎಳೆದೆ. ಒಬ್ಬನೇ ಹಾಡಿದಾಗ ಚೆನ್ನಾಗೇ ಇತ್ತು. ಇಪ್ಪತ್ತು ಮಕ್ಕಳು ಸೇರಿ ಹಾಡಿದಾಗ ಅರ್ಧ ಮಕ್ಕಳು ಕವಿಯ ಲೆಕ್ಕದಲ್ಲಿ, ಅರ್ಧ ಮಕ್ಕಳು ನನ್ನ ಲೆಕ್ಕದಲ್ಲಿ. ತಬಲಾದವರು ಮಧ್ಯದಲ್ಲಿ ಕೈ ಎತ್ತಿಬಿಟ್ಟರು.

ಎಳೆಯುವುದರಲ್ಲಿ ಏನು ತಪ್ಪು? ಸಿನಿಮಾದಲ್ಲಿ ಎಲ್ಲರೂ ಎಳೆಯುತ್ತಾರಲ್ಲ?

ಎಳೆಯುವುದು ತಪ್ಪಲ್ಲ, ಯಾವ ಅಕ್ಷರ ಎಳೆಯುತ್ತೀರಿ ಅನ್ನುವುದು ಮುಖ್ಯ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. "ಬಳೆ"ಯ ಮೊದಲ ಅಕ್ಷರ ಎಳೆದರೆ ಕೇಳುವವರಿಗೆ "ಬಾಳೆ". ಹುಡುಗಿ ಕೈಗೆ ಬಾಳೆ ತೊಟ್ಟುಕೊಂಡ ಹಾಗಾಗುತ್ತದೆ. ಗುರು ಇರುವ ಕಡೆ, ಇಲ್ಲವೇ ಪದದ ಕೊನೆಯಲ್ಲಿ ಎಳೆದರೆ ಅಷ್ಟು ತೊಂದರೆ ಇಲ್ಲ.

ಉಸಿರು ತೆಗೆದುಕೊಳ್ಳುವ ಜಾಗವೂ ಅಷ್ಟೇ. ಒಂದು ಜೋಗುಳಕ್ಕೆ ಮಟ್ಟು ಹಾಕಿದ್ದೆ, "ಮಲಗು" ಅನ್ನುವ ಪದದಲ್ಲಿ ಎರಡನೇ ಅಕ್ಷರದ ನಂತರ ಸೊಗಸಾದ ಒಂದು ನಿಲುಗಡೆ ಕೊಟ್ಟಿದ್ದೆ. ಹಾಡಿ ನೋಡಿ, ಗೊತ್ತಾಗುತ್ತದೆ. ನನಗೆ ಎರಡು ವಾರ ಗೊತ್ತಾಗಲಿಲ್ಲ, ನಮ್ಮತ್ತೆ ಕೇಳಿದ ಮೊದಲ ಸಲವೇ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ವಚನಕ್ಕೆ ಛಂದಸ್ಸೇ ಇಲ್ಲವಲ್ಲ, ಅದಕ್ಕೇನು ಮಾಡಲಿ?

ವಚನದ ಸಾಲುಗಳು ಉದ್ದ ಗಿಡ್ಡ ಇರುತ್ತವೆ, ತಾಳಕ್ಕೆ ಸಿಗುವುದಿಲ್ಲ ಅಂತ ಹೆದರುತ್ತಾರೆ. ನನ್ನ ಅನುಭವದಲ್ಲಿ ವಚನ ಕಷ್ಟ, ಆದರೆ ಕಲಿಸುವುದು ಜಾಸ್ತಿ. ಮೊದಲು ತಾಳ ಬಿಟ್ಟು ಆಲಾಪದ ಹಾಗೆ ಹಾಡಿಕೊಳ್ಳಿ, ಮಾತಿನ ಏರಿಳಿತ ಎಲ್ಲೆಲ್ಲಿದೆ ನೋಡಿ. ಆಮೇಲೆ ಯಾವುದಾದರೂ ಒಂದು ಸಾಲು, ಬಹಳ ಸಲ ಅಂಕಿತ ಇರುವ ಕೊನೆಯ ಸಾಲು, ತಾಳಕ್ಕೆ ಒಗ್ಗುತ್ತದೆ. ಅದನ್ನು ಪಲ್ಲವಿಯ ಹಾಗೆ ಮತ್ತೆ ಮತ್ತೆ ತನ್ನಿ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳಿ, ಅಷ್ಟು ದೊಡ್ಡ ಗಾಯಕ ಮಾತಿಗೆ ಎಷ್ಟು ಜಾಗ ಬಿಟ್ಟುಕೊಡುತ್ತಾರೆ ಅಂತ ತಿಳಿಯುತ್ತದೆ.

ಗಮಕವನ್ನೂ ಕೇಳಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು. ಶಿವಮೊಗ್ಗ ಹತ್ತಿರದ ಹೊಸಹಳ್ಳಿ, ಮತ್ತೂರಿನ ಕಡೆ ಈ ಕಲೆ ಇನ್ನೂ ಗಟ್ಟಿಯಾಗಿದೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಗಮಕಕ್ಕೇ. ಷಟ್ಪದಿ ಅದೇ, ಆದರೆ ಕಥೆಯಲ್ಲಿ ಕೋಪ ಬಂದಾಗ ಒಂದು ರಾಗ, ಅಳು ಬಂದಾಗ ಇನ್ನೊಂದು. ಅರ್ಥಕ್ಕೆ ರಾಗ ಹೊಂದಿಸುವ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲೂ ಸಿಗಲಿಕ್ಕಿಲ್ಲ.

ಸರಿ, ಈಗಲಾದರೂ ರಾಗ ಹೇಳಿ. ಶುರುವಿಗೆ ಯಾವುದು ಒಳ್ಳೆಯದು?

ಮೋಹನ. ಐದೇ ಸ್ವರ, ಎಲ್ಲಿ ಕೈ ಇಟ್ಟರೂ ಕೆಟ್ಟದಾಗಿ ಕೇಳಿಸುವುದಿಲ್ಲ. ಧಾರವಾಡದ ಕಡೆಯವರು ಭೂಪ್ ಅಂತ ಕರೆಯುವ ರಾಗದ ಸ್ವರಗಳೂ ಇವೇ.

ಮೋಹನದಿಂದ ಇನ್ನೊಂದು ಉಪಯೋಗ ಇದೆ, ಇದು ಕೈ ಕಟ್ಟಿದಾಗಲೂ ಕೆಲಸಕ್ಕೆ ಬರುತ್ತದೆ. ಹಾರ್ಮೋನಿಯಂನ ಅವೇ ಐದು ಮನೆಗಳನ್ನು (ಕೀಗಳನ್ನು) ಒತ್ತುತ್ತಾ ಷಡ್ಜವನ್ನು, ಅಂದರೆ ಆಧಾರದ 'ಸ'ವನ್ನು ಮಾತ್ರ ಬದಲಾಯಿಸಿ. ರಿಷಭವನ್ನೇ ಷಡ್ಜ ಅಂದುಕೊಂಡರೆ ಮಧ್ಯಮಾವತಿ. ಗಾಂಧಾರವನ್ನು ಹಿಡಿದರೆ ಹಿಂದೋಳ. ಪಂಚಮವಾದರೆ ಶುದ್ಧ ಸಾವೇರಿ, ಧೈವತವಾದರೆ ಶುದ್ಧ ಧನ್ಯಾಸಿ. ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಶ್ರುತಿ ಪೆಟ್ಟಿಗೆಯಲ್ಲಿ ಹೊಸ ಷಡ್ಜ ಇಟ್ಟುಕೊಂಡೇ ಮಾಡಿ, ಇಲ್ಲದಿದ್ದರೆ ಕಿವಿ ಹಳೇ ಮೋಹನಕ್ಕೇ ಓಡುತ್ತದೆ. ಸಂತೋಷದ ಟ್ಯೂನ್ ಒಂದು ಹಿಂದೋಳಕ್ಕೆ ಜಾರಿದ ತಕ್ಷಣ ಯಾಕೆ ಗಂಭೀರವಾಗುತ್ತದೆ ಅಂತ ಕಿವಿಯೇ ಹೇಳುತ್ತದೆ.

ಪಲ್ಲವಿ ಐದು ನಿಮಿಷಕ್ಕೆ ಬರುತ್ತೆ, ಚರಣ ತಿಂಗಳಾದರೂ ಬರಲ್ಲ. ಯಾಕೆ?

ಪಲ್ಲವಿಯಲ್ಲೇ ಎಲ್ಲ ಸುರಿದುಬಿಟ್ಟಿರುತ್ತೀರಿ. ಮಂದ್ರದಿಂದ (ಕೆಳಗಿನ ಸ್ಥಾಯಿ) ತಾರಕ್ಕೆ (ಮೇಲಿನ ಸ್ಥಾಯಿ) ಹೋಗಿ ಬಂದಮೇಲೆ ಚರಣಕ್ಕೆ ಹೋಗಲು ಜಾಗ ಎಲ್ಲಿದೆ? ಹಳೆಯ ಕೃತಿಗಳನ್ನು ಕೇಳಿ, ಪಲ್ಲವಿ ಸಾಮಾನ್ಯವಾಗಿ ಮಧ್ಯದಲ್ಲಿ ಸುತ್ತುತ್ತದೆ, ಅನುಪಲ್ಲವಿ ಪಂಚಮದ ಮೇಲೆ ಹೋಗಿ ತಾರ ಷಡ್ಜ ಮುಟ್ಟುತ್ತದೆ, ಚರಣ ಕೆಳಗಿಳಿದು ಸಮಾಧಾನವಾಗಿ ಶುರುವಾಗುತ್ತದೆ. ಹಾಗಾಗಿ ಪಲ್ಲವಿಯನ್ನು ಐದಾರು ಸ್ವರದೊಳಗೆ ಕಟ್ಟಿ. ಸಂಘಗೀತೆಯಾದರೆ ಇಡೀ ಹಾಡನ್ನೇ ಮಧ್ಯ ಷಡ್ಜದಿಂದ ತಾರ ರಿಷಭದವರೆಗೆ ಇಡಿ, ಅದಕ್ಕಿಂತ ಮೇಲೆ ಹೋದರೆ ಹಿಂದಿನ ಸಾಲಿನವರು ಬಾಯಿ ಮಾತ್ರ ಆಡಿಸುತ್ತಾರೆ.

ಏನೇ ಮಾಡಿದರೂ ಯಾವುದೋ ಹಳೇ ಹಾಡಿನ ಹಾಗೇ ಕೇಳಿಸುತ್ತೆ

ಕೇಳಿಸಲಿ. ದಾಸರ ಪದಗಳ ಮೇಲೆ, ಜನಪದ ಹಾಡಿನ ಮೇಲೆ "ಇಂಥ ಹಾಡಿನ ಮಟ್ಟು" ಅಂತ ಬರೆದು ಹೊಸ ಸಾಹಿತ್ಯ ಕೂರಿಸಿದ್ದು ನಮ್ಮಲ್ಲಿ ಎಷ್ಟೋ ಇದೆ. ಕಲಿಯುವಾಗ ಇದು ಅವಮಾನವಲ್ಲ. ಆದರೆ ಬೇರೆಯವರ ಟ್ಯೂನನ್ನು ನಿಮ್ಮದು ಅಂತ ಹೊರಗೆ ಬಿಡಬೇಡಿ, ಅಷ್ಟೇ. ಹೋಲಿಕೆ ಎಲ್ಲಿದೆ ಅಂತ ಸ್ವರ ಹಾಕಿ ನೋಡಿ. ಬಹಳ ಸಲ ಮೊದಲ ನಾಲ್ಕು ಸ್ವರ ಮಾತ್ರ ಅದೇ ಇರುತ್ತದೆ. ಎತ್ತುಗಡೆಯನ್ನು, ಅಂದರೆ ಹಾಡಿನ ಶುರುವನ್ನು, ತಾಳದ ಒಂದು ಅಕ್ಷರ ತಡವಾಗಿ ತೆಗೆದುಕೊಂಡರೆ, ಅಥವಾ ಷಡ್ಜದ ಬದಲು ಗಾಂಧಾರದಿಂದ ಶುರು ಮಾಡಿದರೆ ಹಾಡಿನ ಮುಖವೇ ಬದಲಾಗುತ್ತದೆ.

ಪ್ರಸಿದ್ಧ ಕವಿತೆಗೆ ಆಗಲೇ ಒಂದು ಟ್ಯೂನ್ ಇದೆಯಲ್ಲ, ಮತ್ತೆ ನಾನೇಕೆ ಅಂತಲೂ ಕೆಲವರು ಕೈ ಚೆಲ್ಲುತ್ತಾರೆ. ಕುವೆಂಪು ಅವರ ನಾಡಗೀತೆಯನ್ನೇ ನೋಡಿ. ಮೈಸೂರು ಅನಂತಸ್ವಾಮಿಯವರದ್ದೂ ಇತ್ತು, ಸಿ. ಅಶ್ವತ್ಥ್ ಅವರದ್ದೂ ಇತ್ತು, ಯಾವುದು ಹಾಡಬೇಕು ಅಂತ ವರ್ಷಗಟ್ಟಲೆ ಜಗಳವಾಗಿ ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಹೊರಡಿಸಿತು. ಸರ್ಕಾರಿ ಕಾರ್ಯಕ್ರಮಕ್ಕೆ ಅದು ಬೇಕು. ನಿಮ್ಮ ಮನೆಯ ಹಾರ್ಮೋನಿಯಂಗೆ ಯಾವ ಆದೇಶವೂ ಇಲ್ಲ.

ತಿಂಗಳುಗಟ್ಟಲೆ ಏನೂ ಹೊಳೆಯುತ್ತಿಲ್ಲ. ನನ್ನ ಕೈಯಲ್ಲಿ ಆಗಲ್ಲ ಅನ್ನಿಸುತ್ತೆ

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಬರುವುದೂ ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೆ.

ಮೊದಲು ಒಂದು ಮಾತು. "ಹೊಳೆಯುತ್ತಿಲ್ಲ" ಅನ್ನುವವರನ್ನು ಕೂರಿಸಿಕೊಂಡು ಕೇಳಿದರೆ, ಹೊಳೆದಿರುತ್ತದೆ. ಎರಡು ಸಾಲು ಗುನುಗಿರುತ್ತಾರೆ, ಥೂ ಇದು ಚೆನ್ನಾಗಿಲ್ಲ ಅಂತ ತಾವೇ ಅಳಿಸಿರುತ್ತಾರೆ. ಕಟ್ಟುವ ಕೆಲಸ, ತೂಗಿ ನೋಡುವ ಕೆಲಸ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಲು ಹೋದರೆ ಎರಡೂ ಆಗುವುದಿಲ್ಲ. ಅದಕ್ಕೇ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಹತ್ತು ದಿನ ಅದನ್ನು ತೆಗೆದು ಕೇಳುವುದಿಲ್ಲ. ಕೆಟ್ಟದ್ದನ್ನೂ ಅಳಿಸುವುದಿಲ್ಲ. ಹತ್ತು ದಿನ ಬಿಟ್ಟು ಕೇಳಿದಾಗ ಇಪ್ಪತ್ತರಲ್ಲಿ ಹದಿನೇಳು ನಿಜವಾಗಲೂ ಕೆಟ್ಟದಾಗಿರುತ್ತವೆ, ಆದರೆ ನಾನು ಅಂದುಕೊಂಡಿದ್ದ ಹದಿನೇಳೇ ಆಗಿರುವುದಿಲ್ಲ.

ಎರಡನೆಯದು, ವಾದ್ಯ ಮುಚ್ಚಿಡಿ. ಬೆರಳಿಗೆ ಅಭ್ಯಾಸ ಆಗಿಬಿಟ್ಟಿರುತ್ತದೆ, ಕೂತ ತಕ್ಷಣ ಹೋದ ವಾರದ ಟ್ಯೂನಿನ ಮನೆಗಳಿಗೇ ಹೋಗುತ್ತದೆ. ನನ್ನ ಹಾಡುಗಳಲ್ಲಿ ನನಗೇ ಇಷ್ಟವಾದ ಮೂರ್ನಾಲ್ಕು ಬಂದಿದ್ದು ನಡೆಯುತ್ತಾ, ಬಸ್ಸಿನಲ್ಲಿ, ಒಮ್ಮೆ ಪಡಿತರ ಅಂಗಡಿಯ ಸಾಲಿನಲ್ಲಿ. ಬೆಳಿಗ್ಗೆ ಸೊಪ್ಪು ಮಾರುವವರು ಕೂಗುತ್ತಾ ಹೋಗುತ್ತಾರಲ್ಲ, ಆ ಕೂಗನ್ನು ಸ್ವರದಲ್ಲಿ ಹಿಡಿಯಲು ನೋಡಿ. ನಮ್ಮ ಬೀದಿಯ ಅಜ್ಜಿಯದು ಷಡ್ಜದಿಂದ ನೇರ ಪಂಚಮಕ್ಕೆ ಹಾರಿ ಮಧ್ಯಮಕ್ಕೆ ಜಾರಿ ನಿಲ್ಲುತ್ತದೆ. ಮಕ್ಕಳ ಹಾಡೊಂದರ ಎತ್ತುಗಡೆ ನನಗೆ ಅಲ್ಲಿಂದಲೇ ಸಿಕ್ಕಿತು.

ಮೂರನೆಯದು, ಜಾಗ ಚಿಕ್ಕದು ಮಾಡಿಕೊಳ್ಳಿ. ಏನು ಬೇಕಾದರೂ ಮಾಡಬಹುದು ಅಂದಾಗ ಏನೂ ಬರುವುದಿಲ್ಲ. ಇವತ್ತು ಸ ರಿ ಗ ಮೂರೇ ಸ್ವರ, ನಾಲ್ಕು ಸಾಲು, ಹದಿನೈದು ನಿಮಿಷ. ಅಥವಾ ಒಂದೇ ಕವಿತೆ, ಏಳು ದಿನ, ದಿನಕ್ಕೊಂದು ಟ್ಯೂನ್. ಮೂರನೇ ದಿನ ತಲೆಯಲ್ಲಿದ್ದ ಸಲೀಸಾದದ್ದೆಲ್ಲ ಖಾಲಿಯಾಗುತ್ತದೆ, ನಾಲ್ಕನೇ ದಿನ ಬೇಜಾರು, ಐದನೇ ದಿನಕ್ಕೆ ನೀವು ಊಹಿಸದೇ ಇದ್ದದ್ದು ಏನೋ ಬರುತ್ತದೆ. ಪ್ರತಿ ಸಲವೂ ಬರುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಆದರೆ ಸುಮ್ನೆ ಕೂತು ಕಾಯುವುದಕ್ಕಿಂತ ಮೇಲು.

ಇದೆಲ್ಲ ಮಾಡಿದರೂ ಆಗದ ಕಾಲ ಒಂದು ಇರುತ್ತದೆ. ಒಂದು ತಂಡಕ್ಕೆ ಮಾಡಿಕೊಟ್ಟ ಹಾಡನ್ನು ಅವರು ನನಗೆ ಹೇಳದೆ ಅರ್ಧ ಬದಲಾಯಿಸಿ ವೇದಿಕೆಯಲ್ಲಿ ಹಾಡಿದರು, ನಾನು ಸಭಿಕರ ಮಧ್ಯೆ ಕೂತು ಕೇಳಿದೆ. ಆಮೇಲೆ ಎಂಟು ತಿಂಗಳು ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆಯಲಿಲ್ಲ. ಅದು ಹೊಳೆಯದೇ ಇದ್ದದ್ದಲ್ಲ, ನೋವಾಗಿದ್ದು. ಇವೆರಡಕ್ಕೂ ಮದ್ದು ಬೇರೆ. ರಷ್ಯಾದ ಸಂಗೀತ ರಚನಕಾರ ರಾಖ್ಮನಿನಾಫ್ ಕಥೆ ನನಗೆ ಆಗ ಯಾರೋ ಹೇಳಿದ್ದರು. 1897ರಲ್ಲಿ ಅವರ ಮೊದಲ ಸಿಂಫನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲಕಚ್ಚಿತು. ಆಮೇಲೆ ಸುಮಾರು ಮೂರು ವರ್ಷ ಹೆಚ್ಚೇನೂ ಬರೆಯಲಿಲ್ಲ. ಆದರೆ ಸಂಗೀತ ಬಿಡಲಿಲ್ಲ, ಒಂದು ಆಪೆರಾ ತಂಡದಲ್ಲಿ ವಾದ್ಯವೃಂದ ನಡೆಸುತ್ತಿದ್ದರು. 1900ರಲ್ಲಿ ನಿಕೊಲಾಯ್ ದಾಲ್ ಅನ್ನುವ ವೈದ್ಯರ ಹತ್ತಿರ ಚಿಕಿತ್ಸೆ ಪಡೆದರು, ಅದಾದ ಮೇಲೆ ಬರೆದ ಎರಡನೇ ಪಿಯಾನೊ ಕಾನ್ಚೆರ್ಟೊವನ್ನು ಆ ವೈದ್ಯರಿಗೇ ಅರ್ಪಿಸಿದರು. ಅಷ್ಟು ದೊಡ್ಡವರೇ ಡಾಕ್ಟರ ಹತ್ತಿರ ಹೋಗಿದ್ದಾರೆ, ನಮಗೆ ನಾಚಿಕೆ ಯಾಕೆ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ರಾಗದ ಪುಸ್ತಕ ಮುಚ್ಚಿ ವೈದ್ಯರನ್ನು ನೋಡಿ.

ನಾನು ಹಿಂದಿರುಗಿದ್ದು ಹೊಸ ಟ್ಯೂನ್ ಮಾಡಿ ಅಲ್ಲ. ಪಕ್ಕದ ಮನೆಯ ಹುಡುಗನಿಗೆ ಸರಳೆ ವರಸೆ ಹೇಳಿಕೊಡಲು ಕೂತು.

ಯಾವ ಕೀಬೋರ್ಡ್, ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಮೊದಲ ವರ್ಷ ಫೋನಿನ ರೆಕಾರ್ಡರ್, ಒಂದು ಶ್ರುತಿ ಪೆಟ್ಟಿಗೆಯ ಆ್ಯಪ್ ಸಾಕು. ಆಮೇಲೆ ಧ್ವನಿ ಕತ್ತರಿಸಿ ಜೋಡಿಸಲು ಆಡಾಸಿಟಿ, ಪಾಶ್ಚಾತ್ಯ ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್, ಎರಡೂ ಪುಕ್ಕಟೆ. ಲಕ್ಷ ರೂಪಾಯಿ ಉಪಕರಣ ತಂದು ಅದರ ಮ್ಯಾನುಯಲ್ ಓದುತ್ತಾ ಕೂತವರನ್ನು ನೋಡಿದ್ದೇನೆ.

ಸ್ವರ ಬರೆದಿಡಬೇಕಾ?

ಬರೆಯಿರಿ. ರೆಕಾರ್ಡ್ ಕೇಳಿ ಕಲಿಯುವ ಗಾಯಕರು ನಿಮ್ಮ ತಪ್ಪನ್ನೂ ಕಲಿಯುತ್ತಾರೆ.

ಟ್ಯೂನಿಗೆ ಕಾರ್ಡ್ಸ್ ಹಾಕಿದರೆ ಯಾಕೋ ಒಗ್ಗಲ್ಲ

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅದನ್ನು ರಾಗ ನೋಡಿ ಹಾಕಿ. ಶಂಕರಾಭರಣ ಅಂದರೆ ಪಾಶ್ಚಾತ್ಯರ ಮೇಜರ್, ನಟಭೈರವಿ ಅಂದರೆ ಮೈನರ್, ಕೀರವಾಣಿ ಅಂದರೆ ಹಾರ್ಮೋನಿಕ್ ಮೈನರ್. ಇವುಗಳಲ್ಲಿ ಗಿಟಾರಿನವರು ತಾವೇ ದಾರಿ ಹುಡುಕಿಕೊಳ್ಳುತ್ತಾರೆ. ತೋಡಿಯಂಥ ರಾಗದಲ್ಲಿ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ಅಲ್ಲಾಡುತ್ತಾ ಇರುತ್ತದೆ. ಅದರ ಕೆಳಗೆ ಗಟ್ಟಿ ಕಾರ್ಡ್ ಇಟ್ಟರೆ ಎರಡೂ ಜಗಳವಾಡುತ್ತವೆ. ಅಂಥ ಕಡೆ ಬರೀ ಷಡ್ಜ ಪಂಚಮ ಹಿಡಿದು ಬಿಡಿ.

ದೊಡ್ಡ ಕವಿಗಳ ಕವಿತೆಗೆ ಟ್ಯೂನ್ ಹಾಕಿ ಹೊರಗೆ ಬಿಡಬಹುದಾ?

ಮನೆಯಲ್ಲಿ ಕಲಿಯಲು ಯಾವುದಾದರೂ ಸರಿ. ಹೊರಗೆ ಬಿಡುವಾಗ 1957ರ ಕೃತಿಸ್ವಾಮ್ಯ ಕಾಯಿದೆ ಬರುತ್ತದೆ. ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಕುವೆಂಪು 1994, ಹಾಗಾಗಿ 2054. ಅನುಮತಿ ಕೇಳಿ, ಪತ್ರದಲ್ಲಿ ತೆಗೆದುಕೊಳ್ಳಿ. ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ, 1963ರಲ್ಲಿ ತೀರಿಕೊಂಡ ಗೋವಿಂದ ಪೈ ಇವರ ಅವಧಿ ಮುಗಿದಿದೆ. ದಾಸರು, ವಚನಕಾರರು, ಶರೀಫರ ಮಾತಂತೂ ಸರಿಯೇ ಸರಿ, ಅವು ಎಲ್ಲರದ್ದೂ. ಮಟ್ಟು ನಿಮ್ಮದಾದರೆ ಅದರ ಹಕ್ಕು ನಿಮ್ಮದು, ಸಾಹಿತ್ಯದ ಹಕ್ಕು ಬೇರೆ. ನೋಂದಣಿ ಕಡ್ಡಾಯ ಅಲ್ಲ, ಆದರೂ ತಾರೀಖು ಸಮೇತ ರೆಕಾರ್ಡಿಂಗ್ ಇಟ್ಟುಕೊಂಡಿರಿ.

ಹಾಡು ಚೆನ್ನಾಗಿದೆಯಾ ಇಲ್ಲವಾ ಅಂತ ಯಾರನ್ನು ಕೇಳಲಿ?

ಕೇಳಬೇಡಿ, ಹಾಡಿಸಿ. ಕೇಳಿದರೆ ಮನೆಯವರು ಚೆನ್ನಾಗಿದೆ ಅನ್ನುತ್ತಾರೆ, ಸಂಗೀತ ಬಲ್ಲವರು ಇನ್ನೂ ಸ್ವಲ್ಪ ಆಗಬೇಕು ಅನ್ನುತ್ತಾರೆ. ಹತ್ತು ವರ್ಷದ ಮಗುವಿಗೆ ಎರಡು ಸಲ ಹೇಳಿಕೊಟ್ಟು ಮಾರನೇ ದಿನ ಹಾಡು ಅನ್ನಿ. ಮಗು ಎಲ್ಲಿ ತಪ್ಪುತ್ತದೋ ಅಲ್ಲಿ ಬಹುಶಃ ನಿಮ್ಮ ಟ್ಯೂನ್ ತೊಡಕಾಗಿದೆ. ನನ್ನ ಅಣ್ಣನ ಮಗಳು ಒಂದು ಹಾಡಿನ ಮೂರನೇ ಸಾಲನ್ನು ಪ್ರತಿ ಸಲ ಬೇರೆ ಥರ ಹಾಡುತ್ತಿದ್ದಳು, ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಅವಳು ಹಾಡಿದ್ದನ್ನೇ ಉಳಿಸಿಕೊಂಡೆ.

ದುಡ್ಡು ಎಷ್ಟು ಕೇಳಲಿ?

ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಹಾರ್ಮೋನಿಯಂ ಮುಟ್ಟುವ ಮೊದಲೇ ಹೇಳಿ. ಸ್ಟುಡಿಯೋ, ವಾದ್ಯದವರು, ಗಾಯಕರ ಖರ್ಚು ಅದರಲ್ಲಿ ಸೇರಿದೆಯೋ ಇಲ್ಲವೋ ಬಿಡಿಸಿ ಹೇಳಿ. ಹಾಡನ್ನು ನನ್ನನ್ನು ಕೇಳದೆ ಬದಲಾಯಿಸುವ ಹಾಗಿಲ್ಲ ಅಂತಲೂ ಬರೆಸಿಕೊಳ್ಳಿ, ಇದು ಎಂಟು ತಿಂಗಳು ಕಳೆದುಕೊಂಡವನ ಮಾತು. ಬದಲಾವಣೆ ಎರಡು ಸಲ ಮಾಡಿಕೊಡುತ್ತೇನೆ ಅನ್ನಿ. ಮೂರನೇ ಸಲಕ್ಕೆ ಬೇರೆ ದುಡ್ಡು.